ಚೆಕ್ ರಿಜಿಸ್ಟರು ಮತ್ತು ಒಂಬತ್ತರ ಲೆಕ್ಕ

ಅಮೆರಿಕದಲ್ಲಿ ಚೆಕ್ ಪುಸ್ತಕದ ಜೊತೆಗೆ ಅದೇ ಅಳತೆಯ ಇನ್ನೊಂದು ತೆಳು ಪುಸ್ತಿಕೆಯೂ ಬರುತ್ತದೆ. ಅದರ ಹೆಸರು ಚೆಕ್ ರಿಜಿಸ್ಟರ್. ಚೆಕ್ಕಿನ ಸಂಖ್ಯೆ, ದಿನಾಂಕ, ಯಾರಿಗೆ ಕೊಟ್ಟದ್ದು, ಖರ್ಚು, ಜಮೆ, ಕೊನೆಗೆ ಶಿಲ್ಕು. ನಡುವೆ, ಬ್ಯಾಂಕಿನ ಲೆಕ್ಕದೊಂದಿಗೆ ತಾಳೆಯಾದ ಸಾಲಿಗೆ ಗುರುತು ಹಾಕಲು ಒಂದು ಕಿರಿದಾದ ಅಂಕಣ. ನೋಡಲು ನಮ್ಮ ಪಾಸ್‌ಬುಕ್ಕಿನ ಹಾಗೆಯೇ ಇದೆ. ಆದರೆ ಪಾಸ್‌ಬುಕ್ಕನ್ನು ತುಂಬುವುದು ಬ್ಯಾಂಕು, ರಿಜಿಸ್ಟರನ್ನು ತುಂಬುವುದು ಖಾತೆದಾರ. ಇಡೀ ವಿಷಯದ ಜೀವಾಳ ಇರುವುದು ಇಲ್ಲಿಯೇ. ಕಾಗದ ಬಿಟ್ಟು ತಂತ್ರಾಂಶಕ್ಕೆ ಹೋದವರಲ್ಲಿ ಹೆಚ್ಚಿನವರು ಮರೆತಿರುವುದೂ ಇದನ್ನೇ.

ಮೊದಲು ಕಾಗದದ ತೊಂದರೆ ಏನೆಂದು ನೋಡೋಣ. ರಿಜಿಸ್ಟರಿನ ಪ್ರತಿ ಸಾಲಿನ ಶಿಲ್ಕು ಅದರ ಮೇಲಿನ ಸಾಲಿನ ಶಿಲ್ಕಿನಿಂದ ಹುಟ್ಟುತ್ತದೆ. ಅಂಗಿಯ ಮೇಲಿನ ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿದರೆ ಕೆಳಗಿನ ಗುಂಡಿಗಳೆಲ್ಲ ತಪ್ಪುವಂತೆ, ಮಾರ್ಚ್ ತಿಂಗಳ ಒಂದು ತಪ್ಪು ಕೂಡಿಕೆ ಜೂನ್ ತಿಂಗಳವರೆಗೂ ಎಲ್ಲ ಸಾಲುಗಳನ್ನೂ ಕೆಡಿಸುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಬ್ಯಾಂಕಿನ ಸ್ಟೇಟ್‌ಮೆಂಟ್ ಬಂದಾಗ ಕುಳಿತು ತಾಳೆ ನೋಡಬೇಕು. ತಾಳೆಯಾಗದಿದ್ದರೆ ತಪ್ಪನ್ನು ಹುಡುಕಬೇಕು.

ಆ ಹುಡುಕಾಟಕ್ಕೆ ಲೆಕ್ಕಿಗರ ಬಳಿ ಒಂದು ಅದ್ಭುತ ಉಪಾಯವಿದೆ. ವ್ಯತ್ಯಾಸ 36 ಡಾಲರ್ ಎಂದಿಟ್ಟುಕೊಳ್ಳಿ. ಅದನ್ನು ಒಂಬತ್ತರಿಂದ ಭಾಗಿಸಿ. ಶೇಷವಿಲ್ಲದೆ 4 ಬಂದರೆ, ಎಲ್ಲೋ ಎರಡು ಅಂಕಿಗಳು ಅದಲು ಬದಲಾಗಿರಬಹುದು, ಆ ಅಂಕಿಗಳ ನಡುವಿನ ಅಂತರ ನಾಲ್ಕು. ಪುಟದ ಮೇಲೆ ಕಣ್ಣಾಡಿಸಿದರೆ ಸಾಕು: 84.60 ಡಾಲರಿನ ಚೆಕ್ಕು 48.60 ಎಂದು ಬರೆದು ಕುಳಿತಿರುತ್ತದೆ. ಹೇಗೆ? ಹತ್ತರ ಸ್ಥಾನದ 8ರ ಬೆಲೆ 80. ಅದು ಬಿಡಿಯ ಸ್ಥಾನಕ್ಕೆ ಜಾರಿದಾಗ ಬೆಲೆ ಬರೀ 8. ಕಳೆದುಹೋದದ್ದು 72, ಅಂದರೆ ಎಂಟು ಒಂಬತ್ತಲಿ. ಅತ್ತ 4 ಹತ್ತರ ಸ್ಥಾನಕ್ಕೆ ಏರಿ 40 ಆಯಿತು. ಗಳಿಸಿದ್ದು 36, ಅಂದರೆ ನಾಲ್ಕು ಒಂಬತ್ತಲಿ. ಒಂಬತ್ತರ ಗುಣಕದಿಂದ ಒಂಬತ್ತರ ಗುಣಕ ಕಳೆದರೆ ಉಳಿಯುವುದೂ ಒಂಬತ್ತರ ಗುಣಕವೇ. ದಶಮಾಂಶ ಬಿಂದು ಜಾರಿದರೂ ಇದೇ ಕತೆ. 125 ಡಾಲರನ್ನು 12.50 ಎಂದು ಬರೆದರೆ ವ್ಯತ್ಯಾಸ 112.50, ಅದು 12.50ರ ಒಂಬತ್ತು ಪಟ್ಟು. ಕಳೆಯಬೇಕಾದ ಮೊತ್ತವನ್ನು ಕೂಡಿದ್ದರೆ ಮಾತ್ರ ಬೇರೆ ದಾರಿ: ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತ ಪುಟದಲ್ಲಿ ಎಲ್ಲಿದೆ ಎಂದು ಹುಡುಕಬೇಕು.

ಒಂಬತ್ತು ದೈವಿಕ ಸಂಖ್ಯೆ, ಅದಕ್ಕೇ ಹೀಗೆ ಎನ್ನುವ ಸಂಖ್ಯಾಶಾಸ್ತ್ರದವರ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಒಂಬತ್ತಕ್ಕೆ ಈ ಶಕ್ತಿ ಬಂದದ್ದು ನಾವು ಹತ್ತರ ಪದ್ಧತಿಯಲ್ಲಿ ಎಣಿಸುವುದರಿಂದ. ಹತ್ತರಲ್ಲಿ ಒಂದು ಕಳೆದರೆ ಒಂಬತ್ತು, ಅಷ್ಟೇ. ಎಂಟರ ಪದ್ಧತಿಯಲ್ಲಿ ಎಣಿಸುತ್ತಿದ್ದರೆ ಇದೇ ಕೆಲಸವನ್ನು ಏಳು ಮಾಡುತ್ತಿತ್ತು. ಹತ್ತನೆಯ ಶತಮಾನದ ಎರಡನೆಯ ಆರ್ಯಭಟ ತನ್ನ ‘ಮಹಾಸಿದ್ಧಾಂತ’ದಲ್ಲಿ ಗುಣಾಕಾರ ಭಾಗಾಕಾರಗಳನ್ನು ಪರೀಕ್ಷಿಸಲು ಒಂಬತ್ತರ ವಿಧಾನವನ್ನು ಹೇಳಿದ್ದಾನೆ. ಅದು ಗಣಿತ. ಅದನ್ನು ಗಾಡಿಯ ನಂಬರಿಗೂ ಮದುವೆಯ ಮುಹೂರ್ತಕ್ಕೂ ಅಂಟಿಸುವುದು ಗಣಿತವಲ್ಲ. ಅಲ್ಲದೆ ಈ ಪರೀಕ್ಷೆ ಸುಳಿವು ಕೊಡುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಯಾವುದೋ ಒಂದು ಮೊತ್ತ ಆಕಸ್ಮಿಕವಾಗಿ ಒಂಬತ್ತರಿಂದ ಭಾಗವಾಗುವ ಸಂಭವ ಒಂಬತ್ತರಲ್ಲಿ ಒಂದು ಇದ್ದೇ ಇದೆ.

1983ರಲ್ಲಿ ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂ ಕ್ಯಾಲಿಫೋರ್ನಿಯಾದಲ್ಲಿ ಇಂಟ್ಯೂಟ್ ಕಂಪನಿ ಕಟ್ಟಿದರು. ಮನೆಯ ಬಿಲ್ಲುಗಳನ್ನು ಕಟ್ಟುವ ರಗಳೆಯ ಬಗ್ಗೆ ಕುಕ್ ಅವರ ಹೆಂಡತಿ ದೂರಿದ್ದೇ ಇದಕ್ಕೆ ಪ್ರೇರಣೆ. ಅವರು ತಂದ ಕ್ವಿಕನ್ ತಂತ್ರಾಂಶದ ಜಾಣತನವೆಂದರೆ, ಪರದೆಯ ಮೇಲೆ ಜನರಿಗೆ ಪರಿಚಿತವಾದ ಚೆಕ್ಕನ್ನೂ ರಿಜಿಸ್ಟರನ್ನೂ ಹಾಗೆಯೇ ಮೂಡಿಸಿದ್ದು. ಹೊರಗೆ ಅದೇ ಪುಸ್ತಿಕೆ. ಒಳಗೆ ಬೇರೆಯೇ ಲೋಕ. ಮರೆತುಹೋದ ಚೆಕ್ಕೊಂದನ್ನು ಹಳೆಯ ದಿನಾಂಕಕ್ಕೆ ಸೇರಿಸಿದರೆ ಅದರ ಕೆಳಗಿನ ಶಿಲ್ಕುಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳುತ್ತವೆ. ಕಾಗದದ ಮೇಲಾದರೆ ಪುಟಗಟ್ಟಲೆ ಅಳಿಸಿ ಬರೆಯಬೇಕಿತ್ತು.

ಇದರ ಒಳಗುಟ್ಟನ್ನು ನೋಡಲು ನನಗೆ ಇಷ್ಟವಾದದ್ದು ಗ್ನೂಕ್ಯಾಶ್ ಎಂಬ ಮುಕ್ತ ತಂತ್ರಾಂಶ. ಅದು ಉಳಿಸುವ ಕಡತವನ್ನು ಬಿಚ್ಚಿ ಓದಿದರೆ ಅಲ್ಲಿ ಶಿಲ್ಕು ಎಂಬುದೇ ಇರುವುದಿಲ್ಲ. ಇರುವುದು ವ್ಯವಹಾರಗಳು ಮಾತ್ರ. ದಿನಸಿಗೆ ಕೊಟ್ಟ 84.60 ಡಾಲರು ಎರಡು ಕಡೆ ದಾಖಲಾಗಿರುತ್ತದೆ: ದಿನಸಿ ಖಾತೆಯಲ್ಲಿ 8460/100, ಬ್ಯಾಂಕ್ ಖಾತೆಯಲ್ಲಿ -8460/100. ಎರಡನ್ನೂ ಕೂಡಿದರೆ ಸೊನ್ನೆ. ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿಯೇ ಇದು. ಭಿನ್ನರಾಶಿಯಾಗಿ ಬರೆಯುವುದಕ್ಕೂ ಕಾರಣವಿದೆ. ಹತ್ತನೇ ಒಂದು ಭಾಗ ಎಂಬುದನ್ನು ಕಂಪ್ಯೂಟರ್ ಬಳಸುವ ಎರಡರ ಪದ್ಧತಿಯಲ್ಲಿ ಬರೆಯಹೊರಟರೆ ಅದು ಮುಗಿಯುವುದೇ ಇಲ್ಲ, ಒಂದರ ಮೂರನೇ ಒಂದು 0.333 ಎಂದು ಸಾಗುತ್ತಲೇ ಇರುವ ಹಾಗೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು, ಕತ್ತರಿಸಿದಾಗ ಚೂರು ತಪ್ಪು ಉಳಿಯುತ್ತದೆ. ಪೂರ್ಣಾಂಕಗಳ ಭಿನ್ನರಾಶಿಗೆ ಈ ಕಾಟವಿಲ್ಲ.

ಕೂಡುವ ಕಳೆಯುವ ತಪ್ಪು ಹೀಗೆ ನಿರ್ಮೂಲವಾಯಿತು. ಆದರೆ ‘ಕಂಪ್ಯೂಟರ್ ತಪ್ಪು ಮಾಡುವುದಿಲ್ಲ’ ಎಂಬ ಮಾತನ್ನು ಒಪ್ಪಲಾಗದು. ನೀವು 48.60 ಎಂದು ಒತ್ತಿದರೆ ಅದು 48.60ನ್ನೇ ಬಹಳ ಕರಾರುವಾಕ್ಕಾಗಿ ಕಳೆಯುತ್ತದೆ. ಒಂಬತ್ತರ ಉಪಾಯಕ್ಕೆ ಈಗಲೂ ಕೆಲಸವಿದೆ.

ಹಾಗಾದರೆ ಟೈಪ್ ಮಾಡುವುದೇ ಬೇಡ, ಬ್ಯಾಂಕಿನಿಂದಲೇ ಎಲ್ಲವೂ ತಾನಾಗಿ ಇಳಿದು ಬರಲಿ ಎಂಬುದು ಮುಂದಿನ ಹೆಜ್ಜೆ. 2007ರಲ್ಲಿ ಬಂದ ಮಿಂಟ್ ಸೇವೆ ಜನಪ್ರಿಯವಾದದ್ದು ಇದರಿಂದಲೇ. 2009ರಲ್ಲಿ ಇಂಟ್ಯೂಟ್ ಅದನ್ನು ಕೊಂಡುಕೊಂಡಿತು, 2024ರಲ್ಲಿ ಮುಚ್ಚಿತು. ಈ ಅನುಕೂಲದ ಹಿಂದೆ ಒಂದು ದೊಡ್ಡ ನಷ್ಟವಿದೆ. ಅಮೆರಿಕದ ಹೋಟೆಲುಗಳಲ್ಲಿ ಕಾರ್ಡು ಉಜ್ಜಿದ ಮೇಲೆ ಗಿರಾಕಿ ರಸೀದಿಯ ಮೇಲೆ ಟಿಪ್ಸ್ ಸೇರಿಸಿ ಒಟ್ಟು ಮೊತ್ತ ಬರೆಯುತ್ತಾನೆ. ಆಮೇಲೆ ಹೋಟೆಲಿನವರು ಅದನ್ನು ಯಂತ್ರಕ್ಕೆ ಊಡಿಸುತ್ತಾರೆ. ಗಿರಾಕಿ 48.60 ಬರೆದ, ಅವರು 84.60 ಒತ್ತಿದರು ಎನ್ನಿ. ಬ್ಯಾಂಕಿನಲ್ಲಿ 84.60, ಇಳಿದು ಬಂದದ್ದು 84.60. ತಾಳೆ ಸರಿಯಾಗಿದೆ! ಬ್ಯಾಂಕಿನ ಮಾತನ್ನು ಬ್ಯಾಂಕಿನ ಮಾತಿನ ಜೊತೆಗೇ ಹೋಲಿಸಿದರೆ ಸರಿಯಾಗದೆ ಇನ್ನೇನು? ವಿಜ್ಞಾನದಲ್ಲಿ ಒಂದು ಅಳತೆಯನ್ನು ಇನ್ನೊಂದು ಸ್ವತಂತ್ರ ಅಳತೆಯಿಂದ ಪರೀಕ್ಷಿಸುತ್ತೇವೆ. ರಿಜಿಸ್ಟರು ಆ ಎರಡನೆಯ ಅಳತೆಯಾಗಿತ್ತು.

ಮೊಬೈಲಿನಲ್ಲಿ ಕಾಣುವ ಶಿಲ್ಕೇ ನಿಜವಾದ ಶಿಲ್ಕು ಎಂಬ ನಂಬಿಕೆಯೂ ಅಷ್ಟೇ ಅಪಾಯದ್ದು. ಕೊಟ್ಟ ಚೆಕ್ಕು ನಗದಾಗುವವರೆಗೆ ಬ್ಯಾಂಕಿಗೆ ಅದರ ಸುದ್ದಿಯೇ ಗೊತ್ತಿರುವುದಿಲ್ಲ. ಹಿಂದೆ ಈ ಅವಧಿ ಇನ್ನೂ ಉದ್ದವಾಗಿತ್ತು, ಏಕೆಂದರೆ ಕಾಗದದ ಚೆಕ್ಕುಗಳು ವಿಮಾನದಲ್ಲಿ ಊರಿಂದೂರಿಗೆ ಹೋಗುತ್ತಿದ್ದವು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನಗಳು ನಿಂತಾಗ ಚೆಕ್ಕುಗಳೂ ನಿಂತವು. ಚೆಕ್ಕಿನ ಚಿತ್ರದಿಂದಲೇ ವ್ಯವಹಾರ ಮುಗಿಸಲು ದಾರಿ ಮಾಡಿದ ‘ಚೆಕ್ 21’ ಕಾಯ್ದೆ 2004ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ದಿನಗಳು ಕಡಿಮೆಯಾದವು, ಆದರೆ ಚೆಕ್ಕನ್ನು ಮೇಜಿನ ಖಾನೆಯಲ್ಲಿಟ್ಟು ಮರೆಯುವವರಿಗೆ ಯಾವ ಕಾಯ್ದೆಯೂ ಇಲ್ಲ.

ಆದ್ದರಿಂದ ಕಾಗದದಿಂದ ತಂತ್ರಾಂಶಕ್ಕೆ ದಾಟುವವರು ಹಳೆಯ ವರ್ಷಗಳನ್ನೆಲ್ಲ ಟೈಪ್ ಮಾಡಬೇಕಿಲ್ಲ. ಕೊನೆಯದಾಗಿ ತಾಳೆಯಾದ ಸ್ಟೇಟ್‌ಮೆಂಟಿನ ಶಿಲ್ಕನ್ನು ಆರಂಭದ ಶಿಲ್ಕಾಗಿ ಇಟ್ಟು, ರಿಜಿಸ್ಟರಿನಲ್ಲಿ ಆವರೆಗೂ ಗುರುತು ಬೀಳದ ನಮೂದುಗಳನ್ನಷ್ಟೇ ಸೇರಿಸಿದರೆ ಸಾಕು. ಆಮೇಲೆ ಖರ್ಚಾದ ದಿನವೇ ಕೈಯಿಂದ ನಮೂದಿಸಿ, ಬ್ಯಾಂಕಿನಿಂದ ಇಳಿದು ಬಂದದ್ದನ್ನು ಅದಕ್ಕೆ ಜೋಡಿಸಬೇಕು. ಬ್ಯಾಂಕುಗಳು ವ್ಯವಹಾರಗಳನ್ನು ಕಳಿಸಲು ಬಳಸುವ ಓಎಫ್‌ಎಕ್ಸ್ ಎಂಬ ಕಡತದ ಮಾದರಿಯಲ್ಲಿ ಬರುವ ಪ್ರತಿ ವ್ಯವಹಾರಕ್ಕೂ ಬ್ಯಾಂಕು ಒಂದು ವಿಶಿಷ್ಟ ಗುರುತನ್ನು ಕೊಟ್ಟಿರುವುದರಿಂದ ಅದೇ ಕಡತವನ್ನು ಮತ್ತೆ ಇಳಿಸಿದರೂ ಖರ್ಚು ಇಮ್ಮಡಿಯಾಗುವುದಿಲ್ಲ.

ತಿಂಗಳುಗಳಾದರೂ ನಗದಾಗದ ಚೆಕ್ಕನ್ನು ಬೇಸತ್ತು ಅಳಿಸಿಹಾಕಬೇಡಿ. ಭಾರತದಲ್ಲಿ 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಸ್ಸು ಮೂರೇ ತಿಂಗಳು. ಅಮೆರಿಕದಲ್ಲಿ ಆರು ತಿಂಗಳು ಮೀರಿದ ಚೆಕ್ಕಿಗೆ ಹಣ ಕೊಡಲೇಬೇಕೆಂಬ ಕಟ್ಟುಪಾಡು ಬ್ಯಾಂಕಿಗಿಲ್ಲ, ಆದರೆ ಪ್ರಾಮಾಣಿಕವಾಗಿ ಕೊಟ್ಟರೆ ತಪ್ಪೂ ಅಲ್ಲ. ಪಡೆದವರಿಗೆ ಫೋನ್ ಮಾಡಿ ವಿಚಾರಿಸುವವರೆಗೆ ಆ ಸಾಲು ಗುರುತಿಲ್ಲದೆ ಹಾಗೆಯೇ ಇರಲಿ.