37 ವಾರ ಆಯ್ತು, ದಿನ ತುಂಬಿದವೇ? ‘ಅರ್ಲಿ ಟರ್ಮ್’ ಅಂದರೆ ಏನು

ಬಾಗಲಕೋಟೆ, ಜಮಖಂಡಿ ಕಡೆ ಕುಬಸದ (ಸೀಮಂತದ) ಕಾರ್ಯ ಮುಗಿಸಿಕೊಂಡು ಮಗಳು ತವರಿಗೆ ಬಂದಳೆಂದರೆ ಮನೆಯಲ್ಲಿ ದಿನದ ಲೆಕ್ಕ ಶುರುವಾಗುತ್ತದೆ. “ಒಂಬತ್ತರಾಗ ಬಿದ್ದೈತಿ, ಇನ್ನೇನ ದಿನಾ ತುಂಬಿದಂಗ” ಅನ್ನುತ್ತಾಳೆ ಅಜ್ಜಿ. ಒಂಬತ್ತರಲ್ಲಿ ಬಿದ್ದಿದೆ ಅಂದರೆ ಮುಗಿದಿರುವುದು ಎಂಟು ತಿಂಗಳು ಮಾತ್ರ. ಅಂದರೆ ಸುಮಾರು 35 ವಾರ. ಒಂಬತ್ತು ತಿಂಗಳು ಪೂರ್ತಿ ಮುಗಿಯುವಾಗ 39 ವಾರ ಆಗಿರುತ್ತದೆ. ಈ ಒಂದೇ ತಿಂಗಳಲ್ಲಿ ಕೂಸಿನ ಒಳಗೆ ಬಹಳ ಕೆಲಸ ನಡೆಯುತ್ತದೆ. ಡಾಕ್ಟರು ತಿಂಗಳು ಬಿಟ್ಟು ವಾರದ ಲೆಕ್ಕ ಹಿಡಿಯುವುದು ಅದಕ್ಕೇ.

37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಪೂರ್ವ ಹೆರಿಗೆ. ಇದು ಎಲ್ಲರಿಗೂ ಗೊತ್ತು. 37 ದಾಟಿತು ಅಂದರೆ ಎಲ್ಲಾ ಒಂದೇ ಅಂತ ಹಿಂದೆ ಡಾಕ್ಟರುಗಳೂ ಅಂದುಕೊಂಡಿದ್ದರು. ಆದರೆ 2013ರಲ್ಲಿ ಅಮೆರಿಕದ ಹೆರಿಗೆ ತಜ್ಞರ ಸಂಘಟನೆಗಳು ಆ ಅವಧಿಯನ್ನು ಒಡೆದು ಹೆಸರಿಟ್ಟವು. 37 ವಾರದಿಂದ 38 ವಾರ 6 ದಿನದವರೆಗೆ ಹುಟ್ಟಿದರೆ ‘ಅರ್ಲಿ ಟರ್ಮ್’. 39 ವಾರದಿಂದ 40 ವಾರ 6 ದಿನದವರೆಗೆ ‘ಫುಲ್ ಟರ್ಮ್’.

ಒಂದು ಲೆಕ್ಕ ಹಾಕಿ ನೋಡೋಣ. ಕೊನೆಯ ಮುಟ್ಟಿನ ಮೊದಲ ದಿನ ಜನವರಿ 1 ಅಂತಿಟ್ಟುಕೊಳ್ಳಿ. 280 ದಿನಕ್ಕೆ, ಅಂದರೆ ಅಕ್ಟೋಬರ್ 8ಕ್ಕೆ ಹೆರಿಗೆಯ ಡೇಟ್. ಸೆಪ್ಟೆಂಬರ್ 17ರಿಂದ 30ರೊಳಗೆ ಹುಟ್ಟಿದರೆ ಅರ್ಲಿ ಟರ್ಮ್. ಅಕ್ಟೋಬರ್ 1ರಿಂದ ಫುಲ್ ಟರ್ಮ್. ಹಾಗೆ ನೋಡಿದರೆ ಹಳಬರ ‘ಒಂಬತ್ತು ತಿಂಗಳು ಒಂಬತ್ತು ದಿನ’ದ ಲೆಕ್ಕ ಡಾಕ್ಟರ ಲೆಕ್ಕಕ್ಕೆ ಎರಡೇ ದಿನ ಆಚೀಚೆ! ತಪ್ಪುತ್ತಿರುವುದು ನಮ್ಮ ಅವಸರದಲ್ಲಿ ಅಷ್ಟೇ. ಮುಟ್ಟಿನ ದಿನ ಸರಿಯಾಗಿ ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ನಂಬಬೇಕು. ತಡವಾದ ಸ್ಕ್ಯಾನಿಂಗಿನಲ್ಲಿ ಡೇಟು ವಾರಗಟ್ಟಲೆ ಹೆಚ್ಚುಕಡಿಮೆ ಆಗಬಹುದು.

ಎರಡು ವಾರಕ್ಕೆ ಏನು ಮಹಾ ಫರಕು ಅಂತೀರಾ? ಮುಖ್ಯ ತೊಂದರೆ ಉಸಿರಿನದ್ದು. ಹೊಟ್ಟೆಯಲ್ಲಿರುವಾಗ ಕೂಸಿನ ಶ್ವಾಸಕೋಶದಲ್ಲಿ ನೀರು ತುಂಬಿರುತ್ತದೆ. ಡೇಟ್ ಹತ್ತಿರ ಬಂದಂತೆ, ಅದರಲ್ಲೂ ಬ್ಯಾನಿ (ಹೆರಿಗೆ ನೋವು) ಶುರುವಾದಾಗ, ಹಾರ್ಮೋನುಗಳು ಆ ನೀರನ್ನು ಹೀರಿಸಿಕೊಳ್ಳುವಂತೆ ಮಾಡುತ್ತವೆ. ಬ್ಯಾನಿಯೇ ಬರದೆ, 37ರಲ್ಲೇ ಸಿಜೇರಿಯನ್ ಮಾಡಿದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕೂಸು ಏದುಸಿರು ಬಿಡಬಹುದು, ಅದನ್ನು ಐಸಿಯುಗೆ ಒಯ್ಯಬೇಕಾಗಬಹುದು. ಇನ್ನು ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಬೇಗ ತಣ್ಣಗಾಗುತ್ತದೆ, ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಮೊಲೆ ಚೀಪುತ್ತಲೇ ನಿದ್ದೆಗೆ ಜಾರುತ್ತದೆ. ಹೊಟ್ಟೆಗೆ ಹಾಲು ಕಮ್ಮಿ ಬಿದ್ದರೆ ಕಾಮಣಿ (ಕಾಮಾಲೆ) ಏರುತ್ತದೆ. “ಮೂರು ಕೆಜಿ ಐತಿ, ಏನೂ ಆಗಂಗಿಲ್ಲ” ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ತೂಕ ಇದ್ದ ಮಾತ್ರಕ್ಕೆ ಶ್ವಾಸಕೋಶ ಬಲಿತಿದೆ ಅಂತಲ್ಲ.

2009ರಲ್ಲಿ ಅಮೆರಿಕದ 19 ಕೇಂದ್ರಗಳ ಅಧ್ಯಯನವೊಂದು ಪ್ರಕಟವಾಯಿತು. ಮೊದಲೇ ದಿನ ಗೊತ್ತುಮಾಡಿಕೊಂಡು ಎರಡನೇ ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಸಿಜೇರಿಯನ್ ಆದವರನ್ನು ಅದರಲ್ಲಿ ನೋಡಿದ್ದರು. ಉಸಿರಾಟ, ಸೋಂಕು, ಸಕ್ಕರೆ ಇಳಿಯುವುದು, ಐಸಿಯು ಸೇರುವುದು, ಇಂಥ ಯಾವುದಾದರೂ ತೊಂದರೆ 37ನೇ ವಾರದ ಕೂಸುಗಳಲ್ಲಿ ನೂರಕ್ಕೆ 15, 38ರಲ್ಲಿ 11, 39ರಲ್ಲಿ 8. ಹೆಚ್ಚಿನ ಕೂಸುಗಳು ಆರಾಮವಾಗಿಯೇ ಇರುತ್ತವೆ, ಅದೂ ಈ ಲೆಕ್ಕದಲ್ಲೇ ಕಾಣುತ್ತದೆ. ಆದರೆ ಕಾಯ್ದರೆ ಅರ್ಧದಷ್ಟು ತೊಂದರೆ ತಪ್ಪುತ್ತದೆ ಅಂದಮೇಲೆ ಕಾಯಬಾರದೇಕೆ?

ಕಾಯದೇ ಇರುವುದಕ್ಕೆ ನಮ್ಮಲ್ಲಿ ಕಾರಣಗಳು ಬೇಕಾದಷ್ಟಿವೆ. “ಅಮಾಸಿಗಿಂತ ಮೊದ್ಲ ಮಾಡಿಬಿಡ್ರಿ ಡಾಕ್ಟರ”, “ಮೂಲಾ ನಕ್ಷತ್ರ ತಪ್ಪಸ್ರಿ”. ಮುಹೂರ್ತ ನೋಡುವುದೇ ಆದರೆ 39 ದಾಟಿದ ಮೇಲಿನ ದಿನಗಳಲ್ಲಿ ನೋಡಿ. ಅಲ್ಲೂ ಒಳ್ಳೆಯ ದಿನ ಸಿಗುತ್ತವೆ, ಅಲ್ವಾ? ಆದರೆ ತಾಯಿಗೆ ಬಿಪಿ ಏರಿದ್ದರೆ, ನೀರು ಒಡೆದಿದ್ದರೆ, ಅವಳಿ ಕೂಸುಗಳಿದ್ದರೆ, ಹೊಟ್ಟೆಯಲ್ಲಿ ಕೂಸು ಬೆಳೆಯುವುದು ನಿಂತಿದ್ದರೆ ಮಾತು ಬೇರೆ. ಆಗ ಡಾಕ್ಟರು ಬೇಗ ಮಾಡೋಣ ಅಂದರೆ ಬೇಗ ಆಗುವುದೇ ಸರಿ. ಕಾಯುವುದೇ ಅಪಾಯ. ತಾನಾಗಿಯೇ 37ರಲ್ಲಿ ಬ್ಯಾನಿ ಬಂದರೂ ಅದು ಯಾರ ತಪ್ಪೂ ಅಲ್ಲ.

ಹಾಗೆ ಹುಟ್ಟಿದ ಕೂಸಿಗೆ ಮನೆಯಲ್ಲಿ ಸ್ವಲ್ಪ ಜಾಸ್ತಿ ನಿಗಾ ಬೇಕು. ಹುಟ್ಟಿದ ದಿನವೇ ಮೈಗೆ ನೀರು ಎರೆಯುವುದು ಬೇಡ, ಕನಿಷ್ಠ 24 ಗಂಟೆ ತಡೆಯಿರಿ. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಂತೂ ತಾಯಿಯ ಎದೆಗೆ ಬರಿಮೈ ತಾಗಿಸಿ ಮಲಗಿಸಿ, ಮೇಲೆ ಹೊದಿಸಿ. ಎರಡು ಮೂರು ತಾಸಿಗೊಮ್ಮೆ ಎಬ್ಬಿಸಿ ಹಾಲು ಕುಡಿಸಬೇಕು. ಜೇನು ನೆಕ್ಕಿಸುವುದು ಬೇಡವೇ ಬೇಡ. ಆಶಾ ಕಾರ್ಯಕರ್ತೆ 3ನೇ ಮತ್ತು 7ನೇ ದಿನ ಮನೆಗೆ ಬರುತ್ತಾರೆ. ಕಾಮಣಿ ಜೋರಾಗುವುದೂ ಹೆಚ್ಚಾಗಿ ಆ ಹೊತ್ತಿಗೇ. ಕೂಸನ್ನು ಕಿಟಕಿಯ ಬೆಳಕಿಗೆ ತಂದು ಅವರಿಗೆ ತೋರಿಸಿ. ಅಂಗೈ, ಅಂಗಾಲು ಹಳದಿಯಾಗಿದ್ದರೆ, ಉಸಿರು ಮಿನಿಟಿಗೆ 60 ದಾಟಿದರೆ, ಎದೆ ಒಳಕ್ಕೆ ಎಳೆಯುತ್ತಿದ್ದರೆ ಅಥವಾ ಎಬ್ಬಿಸಿದರೂ ಹಾಲು ಕುಡಿಯದಿದ್ದರೆ ಬೆಳಗಿನ ಬಿಸಿಲಿಗೆ ಹಿಡಿಯುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.