ನೋವು ಹೋಯಿತೆಂದು ಜೋಳಿಗೆ ಬಿಚ್ಚಬೇಡಿ

ಮುಂಬೈ ಬಳಿಯ ಡೊಂಬಿವಲಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಭುಜದ ಶಸ್ತ್ರಚಿಕಿತ್ಸೆಯಾದವರು ಬಂದಾಗ ನನ್ನ ಕಣ್ಣು ಮೊದಲು ಹೋಗುವುದು ಅವರು ಕೈಗೆ ಹಾಕಿಕೊಂಡ ಜೋಳಿಗೆಯ ಮೇಲೆ, ಅಂದರೆ ಕೈಯನ್ನು ಕೊರಳಿನಿಂದ ತೂಗಿಹಾಕುವ ಸ್ಲಿಂಗ್ ಮೇಲೆ. ಬೆವರಿನ ಗುರುತು, ಸಾರಿನ ಕಲೆ, ಸಡಿಲವಾದ ವೆಲ್ಕ್ರೋ ಕಂಡರೆ ಸಮಾಧಾನ. ಮೂರು ವಾರವಾದರೂ ಅಂಗಡಿಯಿಂದ ಈಗಷ್ಟೇ ತಂದಂತೆ ಗರಿಗರಿಯಾಗಿದ್ದರೆ, ಅದನ್ನು ರಿಕ್ಷಾದಿಂದ ಇಳಿಯುವಾಗ ನನಗಾಗಿ ತೊಟ್ಟುಕೊಂಡಿದ್ದಾರೆ ಎಂದೇ ಅರ್ಥ.

ನಮ್ಮವರೇ ಒಬ್ಬರು, ಕುಂದಾಪುರದ ಕಡೆಯವರು, ಇಲ್ಲಿ ನಲವತ್ತು ವರ್ಷದಿಂದ ಹೋಟೆಲು ನಡೆಸುತ್ತಿರುವವರು. ಹರಿದಿದ್ದ ರೊಟೇಟರ್ ಕಫ್ ಸ್ನಾಯುರಜ್ಜುವನ್ನು, ಅಂದರೆ ಕೈ ಎತ್ತುವ, ತಿರುಗಿಸುವ ಸ್ನಾಯುಗಳನ್ನು ಭುಜದ ಮೂಳೆಗೆ ಕಟ್ಟುವ ಹುರಿಯನ್ನು, ಸರ್ಜನ್ ದುರ್ಬೀನಿನ ಮೂಲಕ ಮೂಳೆಗೆ ಹೊಲಿದಿದ್ದರು. ಚರ್ಮದ ಮೇಲೆ ಬೆರಳ ತುದಿಯಷ್ಟೂ ಇಲ್ಲದ ನಾಲ್ಕು ಗುರುತು. ಇಪ್ಪತ್ತನೆಯ ದಿನ ಬಂದು ಕುಳಿತವರೇ, "ಗಲ್ಲಾದ ಮೇಲಿನ ದೇವರ ಪಟಕ್ಕೆ ಹಾರ ಹಾಕಿದೆ ಡಾಕ್ಟರೇ, ಏನೂ ನೋಯಲಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ನಾನು ಮುಖ ಗಂಟಿಕ್ಕಿದ್ದನ್ನು ನೋಡಿ, "ಮೊನ್ನೆ ನೀವೇ ನನ್ನ ಕೈ ಎತ್ತಿದಿರಲ್ಲ, ನಾನು ಎತ್ತಿದರೆ ಮಾತ್ರ ತಪ್ಪೇ?" ಎಂದು ಕೇಳಿದರು.

ಇಪ್ಪತ್ತೆರಡು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ಇದು. ಇನ್ನೊಮ್ಮೆ ಹೇಳುತ್ತೇನೆ. ನಾನು ಎತ್ತುವಾಗ ನಿಮ್ಮ ಕೈ ಮಲಗಿದ ಮಗುವಿನ ಕೈಯಂತೆ ನನ್ನ ಅಂಗೈಯಲ್ಲಿ ಭಾರ ಬಿಟ್ಟು ಕೂತಿರುತ್ತದೆ. ಸ್ನಾಯು ಕೆಲಸ ಮಾಡುವುದಿಲ್ಲ, ಹೊಲಿಗೆಯ ಮೇಲೆ ಎಳೆತ ಕಡಿಮೆ, ಕೀಲು ಮಾತ್ರ ಬಿಗಿಯದೆ ಉಳಿಯುತ್ತದೆ. ನೀವೇ ಎತ್ತಿದಾಗ ಸ್ನಾಯು ಕುಗ್ಗಿ ಆ ರಜ್ಜುವನ್ನು, ರಜ್ಜುವಿನ ಮೂಲಕ ಹೊಲಿಗೆಯ ದಾರವನ್ನು ಎಳೆಯುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಚಲನೆ. ದಾರಕ್ಕೆ ಒಂದೇ ಅಲ್ಲ. ಹಾರದಲ್ಲಿ ಮಲ್ಲಿಗೆ ಎಷ್ಟು ಹಗುರವಿದ್ದರೂ ಸರಿ, ಕೈಯ ತೂಕವೇ ಕೆಲವು ಕಿಲೋ ಇರುತ್ತದೆ.

ಅವರು ಒಪ್ಪಿದಂತೆ ಕಾಣಲಿಲ್ಲ. ಊರಿನ ತೋಟದಲ್ಲಿ ಮಾವಿಗೆ ಕಸಿ ಕಟ್ಟಿದವರೆಂದು ನೆನಪಾಗಿ, "ಕಸಿ ಕಟ್ಟಿ ಮೂರು ವಾರಕ್ಕೆ ಪಟ್ಟಿ ಬಿಚ್ಚಿ ಕೊಂಬೆ ಎಳೆದು ನೋಡುತ್ತೀರಾ?" ಎಂದು ಕೇಳಿದೆ. "ಯಾರಾದರೂ ನೋಡುತ್ತಾರೆಯೇ!" ಎಂದವರು ಅಲ್ಲಿಗೇ ಮಾತು ನಿಲ್ಲಿಸಿದರು. ದಾರ ಏನನ್ನೂ ವಾಸಿ ಮಾಡುವುದಿಲ್ಲ. ರಜ್ಜುವೂ ಮೂಳೆಯೂ ತಾವಾಗಿ ಬೆಸೆಯುವವರೆಗೆ ಹಿಡಿದಿರುತ್ತದೆ, ಅಷ್ಟೇ. ಚರ್ಮ ಹತ್ತು ಹದಿನೈದು ದಿನಕ್ಕೆ ಕೂಡುತ್ತದೆ. ಒಳಗಿನ ಬೆಸುಗೆ ತಕ್ಕಮಟ್ಟಿಗೆ ಗಟ್ಟಿಯಾಗಲು ಸುಮಾರು 12 ವಾರ ಬೇಕು, ಪೂರ್ತಿ ಬಲಕ್ಕೆ ಇನ್ನೂ ಹಲವು ತಿಂಗಳು. ಊತ ಇಳಿದು ನೋವು ತಗ್ಗುವುದು ಎರಡು ಮೂರನೆಯ ವಾರದಲ್ಲಿ, ಅಂದರೆ ಒಳಗೆ ಎಲ್ಲವೂ ಇನ್ನೂ ಮೆತ್ತಗಿರುವಾಗ. ಈ ಹೊಂದಾಣಿಕೆ ನನಗೆ ಎಂದೂ ಇಷ್ಟವಾಗಿಲ್ಲ.

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಜೋಳಿಗೆ, ಆ ಮೇಲೆ ನಿಧಾನವಾಗಿ ಸ್ವಂತ ಬಲದಿಂದ ಎತ್ತುವುದು, ಮೂರು ತಿಂಗಳ ನಂತರ ತೂಕ. ಹರಿದದ್ದು ಎಷ್ಟು, ರಜ್ಜು ಎಂಥದ್ದು ಎಂಬುದನ್ನು ಒಳಗೆ ಕಂಡವರು ಸರ್ಜನ್. ಅವರ ಲೆಕ್ಕ ಬೇರೆಯಿದ್ದರೆ ನನ್ನದನ್ನು ಬಿಟ್ಟು ಅವರದನ್ನೇ ಹಿಡಿಯಿರಿ. 8.12ರ ಲೋಕಲ್‌ನಲ್ಲಿ ಜೊತೆಗೆ ಬರುವ ಗೆಳೆಯರ ಲೆಕ್ಕವನ್ನಂತೂ ಹಿಡಿಯಲೇಬೇಡಿ. "ನನಗೆ ಎರಡನೆಯ ವಾರವೇ ಕೈ ಎತ್ತಲು ಹೇಳಿದ್ದರು" ಎನ್ನುವವರಿಗೆ ಮೂಳೆಯ ಉಬ್ಬನ್ನಷ್ಟೇ ಕೆತ್ತಿರಬಹುದು, ಏನನ್ನೂ ಹೊಲಿದಿರಲಿಕ್ಕಿಲ್ಲ. ಅವರಿಗೆ ಬೇಗ ಆಡಿಸುವುದೇ ಚಿಕಿತ್ಸೆ. ಎರಡಕ್ಕೂ ಹೊರಗೆ ಅದೇ ನಾಲ್ಕು ತೂತು.

ಲೋಕಲ್ ಎಂದೊಡನೆ ನೆನಪಾಯಿತು. ಗಾಡಿ ಜರ್ಕ್ ಹೊಡೆದಾಗ ಕೈ ತಾನಾಗಿಯೇ ಮೇಲಿನ ಹಿಡಿಕೆಗೆ ಹೋಗುತ್ತದೆ, ಬುದ್ಧಿಯನ್ನು ಕೇಳಿ ಹೋಗುವುದಿಲ್ಲ. ಜೋಳಿಗೆ ಇದ್ದರೆ ಅದು ತಪ್ಪುತ್ತದೆ, ಜನರೂ ಸ್ವಲ್ಪ ಸರಿದು ನಿಲ್ಲುತ್ತಾರೆ. ಕುರ್ಚಿಯಿಂದ ಏಳುವಾಗ ಆ ಕೈ ಊರುವುದು, ಹೊದಿಕೆ ಎಳೆದುಕೊಳ್ಳುವುದು, ಕೋಲು ಹಿಡಿದು ಸೂರಿನ ಸರಳಿಗೆ ಸೀರೆ ಹರವುವುದು, ಇವೂ ಎತ್ತಿದಂತೆಯೇ.

ಇಷ್ಟು ಬೈದೆನೆಂದು ಕೈಯನ್ನು ಎದೆಗೆ ಅಂಟಿಸಿಕೊಂಡು ಕೂರಬೇಡಿ, ಹಾಗೆ ಮಾಡುವವರೂ ಇದ್ದಾರೆ. ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಲಿ. ಅಂಗಿ ತೊಡುವಾಗ ಆಪರೇಷನ್ ಆದ ಕೈ ಮೊದಲು, ಕಳಚುವಾಗ ಕೊನೆಗೆ. ಕಂಕುಳು ತೊಳೆಯಲು ಕೈ ಎತ್ತದೆ ಸೊಂಟ ಬಗ್ಗಿಸಿ, ಕೈ ತಾನೇ ಜೋತು ಬೀಳುತ್ತದೆ. ರಾತ್ರಿ ಬೆನ್ನಿಗೆ ದಿಂಬು ಒಟ್ಟಿ ಅರ್ಧ ಒರಗಿ ಮಲಗಿ, ಮೊಣಕೈ ಹಿಂದಕ್ಕೆ ಜಾರದಂತೆ ಅಡಿಗೊಂದು ಚಿಕ್ಕ ದಿಂಬಿರಲಿ. ಸಕ್ಕರೆ ಕಾಯಿಲೆಯಿದ್ದರೆ ಭುಜ ಬಿಗಿಯುವ ಸಾಧ್ಯತೆ ಹೆಚ್ಚು, ಸಿಗರೇಟು ಬೆಸುಗೆಯನ್ನು ತಡವಾಗಿಸುತ್ತದೆ. ಜ್ವರ, ಕೀವು ಕಂಡರೆ, ಇಲ್ಲವೇ ಒಳಗೆ ಏನೋ ಕಿತ್ತುಬಂದಂತಾಗಿ ಕೈ ಸೋತರೆ, ನನ್ನ ಬಳಿ ಬರದೆ ನೇರ ಸರ್ಜನ್ ಬಳಿ ಹೋಗಿ.

ಹೋಟೆಲಿನ ಯಜಮಾನರ ಹೊಲಿಗೆ ಉಳಿದಿತ್ತು. ಅವರು ದೇವರ ದಯೆ ಎಂದರು, ನಾನು ವಾದಿಸಲಿಲ್ಲ. ಮರುವಾರ ಕಾಫಿಗೆಂದು ಹೋದರೆ, ಪಟವನ್ನು ಗೋಡೆಯಿಂದ ಇಳಿಸಿ ಗಲ್ಲಾದ ಮಗ್ಗುಲಿಗೆ, ಸೋಂಪಿನ ತಟ್ಟೆಯ ಪಕ್ಕದಲ್ಲೇ ಇಟ್ಟಿದ್ದರು. ಎಡಗೈಯಲ್ಲಿ ಚಿಲ್ಲರೆ ಎಣಿಸುತ್ತಿದ್ದರು. ಬಲಗೈಯ ಜೋಳಿಗೆಯ ಮೇಲೆ ಸಾಂಬಾರಿನ ಕಲೆಯಿತ್ತು.