ಶಾಖ ಎಲ್ಲಿಗೆ ಹೋಗುತ್ತದೆ?

ಕೆಮಿಕಲ್ ಇಂಜಿನಿಯರಿಂಗ್ ಆರನೇ ಸೆಮಿಸ್ಟರಿನಲ್ಲಿರುವ ನೆಂಟರ ಹುಡುಗನೊಬ್ಬ ಹೋದ ತಿಂಗಳು ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ನನ್ನ ಕೋಡ್ ಒಂದು ಸಲ 300 ಕೊಡುತ್ತೆ, ಇನ್ನೊಂದು ಸಲ 498. ಬೆಳಿಗ್ಗೆಯಿಂದ ತಪ್ಪು ಹುಡುಕ್ತಾ ಇದೀನಿ, ಸಿಗ್ತಿಲ್ಲ." ಕಳಿಸು ಅಂದೆ, ನೋಡಿದೆ. ತಪ್ಪು ಇರಲೇ ಇಲ್ಲ, ಇನ್ನೆಲ್ಲಿ ಸಿಗುತ್ತದೆ?

ಅವನ ಲೆಕ್ಕ ಇಷ್ಟು. ಒಂದು ಸಿಎಸ್‌ಟಿಆರ್. ಅಂದರೆ ಒಂದು ಕಡೆಯಿಂದ ದ್ರವ ಬರುತ್ತಾ, ಇನ್ನೊಂದು ಕಡೆಯಿಂದ ಹೋಗುತ್ತಾ, ಸದಾ ಕಲಕುತ್ತಲೇ ಇರುವ ಪಾತ್ರೆ. ಶಾಖ ಬಿಡುವ ಫಸ್ಟ್ ಆರ್ಡರ್ ರಿಯಾಕ್ಷನ್, ಅಂದರೆ ಸರಕು ಎಷ್ಟು ಉಳಿದಿದೆಯೋ ಅದಕ್ಕೆ ತಕ್ಕ ವೇಗ. ಹೊರಗಿನಿಂದ ತಂಪು ಮಾಡುವ ಏರ್ಪಾಡಿಲ್ಲ. ಫೀಡ್, ಅಂದರೆ ಒಳಗೆ ಬರುವ ದ್ರವ, 300 ಕೆಲ್ವಿನ್. ಎಲ್ಲವೂ ರಿಯಾಕ್ಟ್ ಆದರೆ ತಾಪಮಾನ 200 ಡಿಗ್ರಿ ಏರುತ್ತದೆ. ಆಕ್ಟಿವೇಷನ್ ಎನರ್ಜಿ (ಬಿಸಿಯೇರಿದಂತೆ ರಿಯಾಕ್ಷನ್ ಎಷ್ಟು ಚುರುಕಾಗುತ್ತದೆ ಅನ್ನುವುದರ ಅಳತೆ) ಮೋಲ್‌ಗೆ 80 ಕಿಲೋಜೂಲ್. ರೇಟ್ ಕಾನ್‌ಸ್ಟಂಟನ್ನು (ರಿಯಾಕ್ಷನ್ನಿನ ವೇಗ ಹೇಳುವ ಅಂಕಿ) ಸ್ಪೇಸ್ ಟೈಮ್‌ನಿಂದ (ದ್ರವ ಪಾತ್ರೆಯಲ್ಲಿ ಸರಾಸರಿ ಇರುವ ಹೊತ್ತು) ಗುಣಿಸಿದರೆ 400 ಕೆಲ್ವಿನ್‌ನಲ್ಲಿ ಸರಿಯಾಗಿ 1.

ಕ್ಯಾಲ್ಕ್ಯುಲೇಟರ್ ಇದ್ದರೆ ನೀವೂ ಮಾಡಿ ನೋಡಿ. ಈ ಲೆಕ್ಕಕ್ಕೆ ಎರಡಲ್ಲ, ಮೂರು ಉತ್ತರಗಳಿವೆ. 300 ಕೆಲ್ವಿನ್‌ನಲ್ಲಿ ಒಂದು: ಅಲ್ಲಿ ಕನ್ವರ್ಷನ್ (ರಿಯಾಕ್ಟ್ ಆದ ಪಾಲು) ಶೇ. 0.03, ಅಂದರೆ ಬಂದದ್ದು ಬಂದ ಹಾಗೇ ಹೊರಗೆ ಹೋಗುತ್ತದೆ. 498ರಲ್ಲಿ ಇನ್ನೊಂದು: ಶೇ. 99. ನಡುವೆ 400ರಲ್ಲಿ ಮೂರನೆಯದು: ಸರಿಯಾಗಿ ಅರ್ಧ. ಸಾಲ್ವರ್‌ಗೆ, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಮಿಗೆ, ನೀವು ಕೊಟ್ಟ ಆರಂಭದ ಊಹೆ ಯಾವುದಕ್ಕೆ ಹತ್ತಿರವೋ ಸಾಮಾನ್ಯವಾಗಿ ಅದು ಸಿಗುತ್ತದೆ. ಹುಡುಗ ಊಹೆ ಬದಲಿಸಿದ್ದ, ಉತ್ತರ ಬದಲಾಗಿತ್ತು.

ಯಾಕೆ ಹೀಗೆ? ರಿಯಾಕ್ಷನ್ ಹುಟ್ಟಿಸುವ ಶಾಖವನ್ನು ತಾಪಮಾನದ ಎದುರು ಬರೆದರೆ ಹಾವು ಹೆಡೆ ಎತ್ತಿದಂಥ ಗೆರೆ ಬರುತ್ತದೆ. ಮೊದಲು ನೆಲಕ್ಕೆ ಅಂಟಿಕೊಂಡಿರುತ್ತದೆ, ಆಮೇಲೆ ಸರ್ರನೆ ಮೇಲೇಳುತ್ತದೆ, ಸುಡಲು ಸರಕು ಮುಗಿದ ಮೇಲೆ ಮತ್ತೆ ಚಪ್ಪಟೆ. ಹರಿಯುವ ದ್ರವ ಹೊತ್ತೊಯ್ಯುವ ಶಾಖ ಮಾತ್ರ ನೇರ ಗೆರೆ. ಈ ನೇರ ಗೆರೆ ಆ ಹಾವನ್ನು ಮೂರು ಕಡೆ ಕಡಿಯಬಹುದು. ನೆದರ್‌ಲೆಂಡ್ಸ್‌ನ ವ್ಯಾನ್ ಹೀರ್ಡನ್ 1953ರಲ್ಲೇ ಈ ಚಿತ್ರ ಬರೆದು ತೋರಿಸಿದರು. ನಡುವಿನ ಉತ್ತರ ಬೋರಲು ಹಾಕಿದ ಬೋಗುಣಿಯ ಮೇಲೆ ಗೋಲಿ ಇಟ್ಟ ಹಾಗೆ. ಕಾಗದದ ಮೇಲೆ ನಿಲ್ಲುತ್ತದೆ, ರಿಯಾಕ್ಟರಿನಲ್ಲಿ ತಾನಾಗಿ ನಿಲ್ಲುವುದಿಲ್ಲ. ಸಮಯದ ಜೊತೆ ಓಡುವ ಡೈನಮಿಕ್ ಮಾಡೆಲ್ ಬರೆದು 401ರಿಂದ ಬಿಟ್ಟರೆ ಮೇಲಕ್ಕೆ ಓಡುತ್ತದೆ, 399ರಿಂದ ಬಿಟ್ಟರೆ ಕೆಳಕ್ಕೆ.

ನಮ್ಮ ಕಾಲೇಜುಗಳಲ್ಲಿ ರಿಯಾಕ್ಷನ್ ಇಂಜಿನಿಯರಿಂಗ್ ಕಲಿಸುವ ಕ್ರಮದ ಬಗ್ಗೆ ನನಗಿರುವ ತಕರಾರು ಇಲ್ಲಿಂದಲೇ ಶುರು. ಸೆಮಿಸ್ಟರಿನ ಬಹುಪಾಲು ಸಮಯ "ರಿಯಾಕ್ಟರ್ ಎಷ್ಟು ದೊಡ್ಡದಿರಬೇಕು" ಅನ್ನುವುದರಲ್ಲೇ ಕಳೆಯುತ್ತದೆ. ಶೇ. 90 ಕನ್ವರ್ಷನ್‌ಗೆ ಪೈಪಿನಂಥ ಪಿಎಫ್‌ಆರ್‌ನಲ್ಲಿ ರೇಟ್ ಕಾನ್‌ಸ್ಟಂಟ್, ಸ್ಪೇಸ್ ಟೈಮ್‌ಗಳ ಗುಣಲಬ್ಧ 2.3 ಸಾಕು, ಸಿಎಸ್‌ಟಿಆರ್‌ಗೆ 9 ಬೇಕು. ಹೆಚ್ಚುಕಡಿಮೆ ನಾಲ್ಕು ಪಟ್ಟು ದೊಡ್ಡ ಪಾತ್ರೆ. ಮೂರು ಸಮಾನ ಟ್ಯಾಂಕ್‌ಗಳನ್ನು ಸಾಲಾಗಿ ಇಟ್ಟರೆ 3.5ಕ್ಕೆ ಇಳಿಯುತ್ತದೆ. ಇದೆಲ್ಲ ಬೇಕು, ಗೇಟ್ ಪರೀಕ್ಷೆಗಂತೂ ಬೇಕೇ ಬೇಕು. ಆದರೆ ಈ ಲೆಕ್ಕಗಳ ಮೊದಲ ಸಾಲಿನಲ್ಲಿ "ಐಸೋಥರ್ಮಲ್" ಅಂತ, ಅಂದರೆ ತಾಪಮಾನ ಬದಲಾಗುವುದಿಲ್ಲ ಅಂತ, ಇರುತ್ತದೆ. ಪುಸ್ತಕದಲ್ಲಿ ಅದು ಸುಮ್ನೆ ಒಂದು ಪದ. ಪ್ಲಾಂಟಿನಲ್ಲಿ ಅದು ಚಿಲ್ಲರ್, ಪಂಪು, ಕರೆಂಟ್ ಬಿಲ್ಲು, ರಾತ್ರಿ ಪಾಳಿಯ ಆಪರೇಟರ್. ಎನರ್ಜಿ ಬ್ಯಾಲೆನ್ಸ್, ಅಂದರೆ ಶಾಖದ ಲೆಕ್ಕ, ಬರುವ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತದೆ. ಆ ಅಧ್ಯಾಯವನ್ನು ಎಷ್ಟೋ ಜನ ಚಾಯ್ಸ್‌ನಲ್ಲಿ ಬಿಡುತ್ತಾರೆ. ನಾನೂ ಬಿಟ್ಟಿದ್ದೆ.

ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ಹಸಿ ಹುಲ್ಲನ್ನು ಬಣವೆ ಒಟ್ಟುವುದಿಲ್ಲ. ಒಂದು ಹಿಡಿ ಹಸಿ ಹುಲ್ಲು ಏನೂ ಆಗುವುದಿಲ್ಲ. ಅದೇ ದೊಡ್ಡ ಬಣವೆಯಾದರೆ ಒಳಗೆ ಕೊಳೆತು ಹುಟ್ಟಿದ ಶಾಖಕ್ಕೆ ಹೊರಗೆ ಬರಲು ದಾರಿ ಸಾಲದು. ಕೈ ಹಾಕಿದರೆ ಬಿಸಿ, ಕೆಲವೊಮ್ಮೆ ಬೆಂಕಿಯೇ. ರಿಯಾಕ್ಟರ್ ದೊಡ್ಡದು ಮಾಡುವಾಗಲೂ ಇದೇ ಕಥೆ. ಲ್ಯಾಬಿನ 1 ಲೀಟರ್ ಫ್ಲಾಸ್ಕನ್ನು ಅದೇ ಆಕಾರದ 8,000 ಲೀಟರ್ ಪಾತ್ರೆ ಮಾಡಿದರೆ ಎತ್ತರ, ಅಗಲ 20 ಪಟ್ಟು. ಮೈ 400 ಪಟ್ಟು. ಹೊಟ್ಟೆ 8,000 ಪಟ್ಟು. ಶಾಖ ಹುಟ್ಟುವುದು ಹೊಟ್ಟೆಯಲ್ಲಿ, ಹೊರಗೆ ಹೋಗುವುದು ಮೈಯಿಂದ. ಲೀಟರಿಗೆ ಸಿಗುವ ಮೈ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಲ್ಯಾಬಿನಲ್ಲಿ "ತಾಪ ಏರಲೇ ಇಲ್ಲ ಸರ್" ಅನ್ನುವ ವರದಿಯನ್ನು ನಾನು ನಂಬದಿರುವುದು ಇದಕ್ಕೇ. ಶಾಖ ಹುಟ್ಟಿರುತ್ತದೆ, ಗಾಜಿನ ಮೈಯಿಂದ ಸದ್ದಿಲ್ಲದೆ ಹೋಗಿರುತ್ತದೆ.

ಇದನ್ನು ಗಮನಿಸದೆ ಹೋದರೆ ಏನಾಗುತ್ತದೆ ಅಂತ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಘಟನೆ ಇದೆ. ಜಾಕ್ಸನ್‌ವಿಲ್‌ನ ಟಿ2 ಲ್ಯಾಬೊರೇಟರೀಸ್, 2007ರ ಡಿಸೆಂಬರ್ 19. ಪೆಟ್ರೋಲಿಗೆ ಬೆರೆಸುವ ಮ್ಯಾಂಗನೀಸ್ ಸಂಯುಕ್ತವೊಂದನ್ನು ಅಲ್ಲಿ ತಯಾರಿಸುತ್ತಿದ್ದರು. ಮೊದಲ ಹಂತದಲ್ಲಿ ಸೋಡಿಯಂ ಲೋಹ ಬಳಸಬೇಕು. ಪ್ರಯೋಗ ನಡೆದದ್ದು 1 ಲೀಟರ್ ಪಾತ್ರೆಯಲ್ಲಿ, ಪ್ಲಾಂಟಿನ ರಿಯಾಕ್ಟರ್ ಸುಮಾರು 9,000 ಲೀಟರ್. ಶುರುವಿನ ಬ್ಯಾಚ್‌ಗಳಲ್ಲೇ ತಾಪ ಕೈಮೀರಿ ಏರಿದ್ದುಂಟು. ಆದರೂ ಮುಂದುವರಿಸಿದರು. ಆ ದಿನ ನಡೆಯುತ್ತಿದ್ದದ್ದು 175ನೇ ಬ್ಯಾಚ್. ಜಾಕೆಟ್ಟಿನ (ರಿಯಾಕ್ಟರ್ ಸುತ್ತ ನೀರು ಹರಿಸುವ ಹೊದಿಕೆ) ಕೂಲಿಂಗ್ ಕೈಕೊಟ್ಟಿತು. ನೀರಿಗೆ ಬದಲಿ ವ್ಯವಸ್ಥೆ ಇರಲಿಲ್ಲ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಸೋಡಿಯಂ ಸಾಲ್ವೆಂಟಿನ (ಕರಗಿಸಲು ಬಳಸಿದ ದ್ರವ) ಜೊತೆಗೇ ರಿಯಾಕ್ಟ್ ಆಗತೊಡಗಿತು. ಈ ಎರಡನೇ ರಿಯಾಕ್ಷನ್ ಅವರ ಲೆಕ್ಕದಲ್ಲೇ ಇರಲಿಲ್ಲ. ರಿಯಾಕ್ಟರ್ ಸಿಡಿದು 4 ಜನ ಸತ್ತರು, 32 ಜನ ಗಾಯಗೊಂಡರು.

ಮಾಲೀಕರಲ್ಲಿ ಒಬ್ಬರು ಕೆಮಿಸ್ಟ್, ಇನ್ನೊಬ್ಬರು ಕೆಮಿಕಲ್ ಇಂಜಿನಿಯರ್. ಓದದವರಲ್ಲ. ತನಿಖೆ ಮಾಡಿದ ಕೆಮಿಕಲ್ ಸೇಫ್ಟಿ ಬೋರ್ಡ್ ಬರೀ ಕಂಪನಿಯ ತಪ್ಪು ಪಟ್ಟಿ ಮಾಡಿ ಕೈ ತೊಳೆದುಕೊಳ್ಳಲಿಲ್ಲ. ರಿಯಾಕ್ಷನ್‌ಗಳ ಅಪಾಯವನ್ನು ಪದವಿ ಪಠ್ಯದಲ್ಲೇ ಸೇರಿಸಬೇಕು ಅಂತ ಶಿಫಾರಸು ಮಾಡಿತು. ಆಮೇಲೆ ಅಲ್ಲಿನ ಇಂಜಿನಿಯರಿಂಗ್ ಕೋರ್ಸ್‌ಗಳ ಮಾನ್ಯತೆಯ ನಿಯಮದಲ್ಲೂ ಆ ಮಾತು ಸೇರಿತು. ಒಂದು ಸ್ಫೋಟದ ತನಿಖೆ ಸಿಲಬಸ್‌ವರೆಗೆ ಹೋಯಿತು ನೋಡಿ.

ನನ್ನ ಪಾಠ ಇದಕ್ಕಿಂತ ಚಿಕ್ಕದು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಂದು ಸೆಮಿಬ್ಯಾಚ್ ನಡೆಯುತ್ತಿತ್ತು. ಒಂದು ರೀಏಜೆಂಟ್ ಪಾತ್ರೆಯಲ್ಲಿ, ಇನ್ನೊಂದನ್ನು ಸಣ್ಣಗೆ ಬಿಡಬೇಕು. ತಾಪ ಹೇಳಿದ್ದಕ್ಕಿಂತ 12 ಡಿಗ್ರಿ ಕಮ್ಮಿ ಇತ್ತು. ತಣ್ಣಗಿದೆಯಲ್ಲ, ಇನ್ನೂ ಸೇಫ್ ಅಂತ ನಾನು ಬಿಡುತ್ತಲೇ ಇದ್ದೆ. ಪಾಳಿಯ ಹಿರಿಯ ಆಪರೇಟರ್ ಬಂದು ಮೀಟರ್ ನೋಡಿದರು, ಮಾತೇ ಆಡದೆ ವಾಲ್ವ್ ಮುಚ್ಚಿದರು. ತಣ್ಣಗಿದ್ದರೆ ರಿಯಾಕ್ಷನ್ ನಿಧಾನ. ಬಿಟ್ಟದ್ದು ರಿಯಾಕ್ಟ್ ಆಗದೆ ಸಾಲದ ಹಾಗೆ ಒಳಗೇ ಬೆಳೆಯುತ್ತಿರುತ್ತದೆ. ಆಮೇಲೆ ಒಮ್ಮೆ ಬಿಸಿ ಹತ್ತಿದರೆ ಅಸಲು ಬಡ್ಡಿ ಎರಡೂ ಒಟ್ಟಿಗೆ ವಸೂಲಿ. ಆ ಅಪಾಯಕ್ಕೆ ಅಕ್ಯುಮುಲೇಷನ್ ಅನ್ನುತ್ತಾರೆ ಅಂತ ನನಗೆ ಗೊತ್ತಿತ್ತು, ವಾಲ್ವ್ ಮುಚ್ಚಬೇಕು ಅಂತ ಅವರಿಗೆ ಗೊತ್ತಿತ್ತು.

ಹಾಗಾಗಿ ಓದುತ್ತಿರುವವರಿಗೆ ನಾನು ಹೇಳುವುದು, ವಾಲ್ಯೂಮ್ ಲೆಕ್ಕಕ್ಕೆ ಕೈ ಹಾಕುವ ಮುಂಚೆ ಹಾಳೆಯ ತಲೆಯಲ್ಲಿ ಒಂದು ಸಂಖ್ಯೆ ಬರೆಯಿರಿ: ಅಡಿಯಾಬಾಟಿಕ್ ಟೆಂಪರೇಚರ್ ರೈಸ್. ಕೂಲಿಂಗ್ ಪೂರ್ತಿ ನಿಂತರೆ ಎಷ್ಟು ಏರುತ್ತದೆ? ಲೀಟರಿಗೆ 2 ಮೋಲ್, ಮೋಲ್‌ಗೆ 100 ಕಿಲೋಜೂಲ್, ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು 2 ಕಿಲೋಜೂಲ್ ಅಂದುಕೊಳ್ಳಿ. 100 ಡಿಗ್ರಿ. ಟಾಲೀನ್ ಅನ್ನುವ ಸಾಲ್ವೆಂಟಿನಲ್ಲಿ 30 ಡಿಗ್ರಿ ಸೆಲ್ಸಿಯಸ್‌ಗೆ ಶುರು ಮಾಡಿದರೆ 130ಕ್ಕೆ ಮುಟ್ಟಬೇಕು. ಟಾಲೀನ್ 111ಕ್ಕೇ ಕುದಿಯುತ್ತದೆ. ಅಂದರೆ ಈಗ ಪ್ರಶ್ನೆ ಕನ್ವರ್ಷನ್‌ದಲ್ಲ, ಪ್ರೆಶರ್‌ದು. ಎರಡು ನಿಮಿಷದ ಕೆಲಸ ಇದು, ಯಾವ ಸಾಫ್ಟ್‌ವೇರೂ ಬೇಡ. ಇದಾದ ಮೇಲೆ ಪೈಥಾನ್ ತೆರೆಯಿರಿ, ಆಸ್ಪೆನ್ ತೆರೆಯಿರಿ. ತಾಪಕ್ಕೂ ರೇಟ್ ಕಾನ್‌ಸ್ಟಂಟಿಗೂ ಇರುವ ನಂಟು ಹೇಳುವ ಅರೇನಿಯಸ್ ಸೂತ್ರದಲ್ಲಿ ಸೆಲ್ಸಿಯಸ್ ಹಾಕಬೇಡಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ಹೇಳಬೇಕು, ಪ್ರತಿ ವರ್ಷ ಯಾರಾದರೂ ಹಾಕಿಯೇ ಹಾಕುತ್ತಾರೆ.

ಹುಡುಗನಿಗೆ ಅದೇ ಕೋಡಿನಲ್ಲಿ ಫೀಡನ್ನು ಸ್ವಲ್ಪ ಸ್ವಲ್ಪವೇ ಬಿಸಿ ಮಾಡುತ್ತಾ ಹೋಗು ಅಂದಿದ್ದೆ. ಎರಡು ದಿನ ಬಿಟ್ಟು ಮತ್ತೆ ಫೋನ್. ಫೀಡ್ 346 ಇದ್ದಾಗ ರಿಯಾಕ್ಟರ್ 355ರಲ್ಲಿ ತೆಪ್ಪಗಿತ್ತಂತೆ. 348 ಮಾಡಿದ್ದೇ ತಡ, 548ಕ್ಕೆ ಹಾರಿತಂತೆ. ಹೆದರಿ ಫೀಡನ್ನು ವಾಪಸ್ 346ಕ್ಕೆ ತಂದ. ರಿಯಾಕ್ಟರ್ ಇಳಿಯಲಿಲ್ಲ. 300ಕ್ಕೆ ತಂದ, ಆಗಲೂ 498. ಕೊನೆಗೆ ಫೀಡ್ 260ಕ್ಕಿಂತ ಕೆಳಗೆ ಹೋದ ಮೇಲೆ ನಂದಿತಂತೆ.

"260 ಅಂದ್ರೆ ಮೈನಸ್ 13 ಡಿಗ್ರಿ. ಪ್ಲಾಂಟಲ್ಲಿ ಅಷ್ಟು ತಣ್ಣಗೆ ಯಾರು ಮಾಡ್ತಾರೆ?"

ಎರಡು ಡಿಗ್ರಿ ಏರಿಸಿದವರು ಮಾಡಬೇಕು ಅಂದೆ.